ವೆಬ್ಲಿಗೆ ಸಿಕ್ಕ ಬೆರಳು

"ಇವತ್ತು ಆ ಜಲೀಲನ ಬಾಯಿ ಮುಚ್ಚಿಸದಿದ್ರೆ ನನ್ನ ಹೆಸರು ಯಜ್ಞೇಶನೇ ಅಲ್ಲ!"

ಶುಕ್ರವಾರ ಬೆಳಿಗ್ಗೆ ದೋಹಾದ ಬಿನ್ ಒಮ್ರಾನ್ ಬಡಾವಣೆಯ ಫ್ಲಾಟಿನಲ್ಲಿ ಈ ಘೋಷಣೆ ಹೊರಬಿದ್ದಾಗ ಹೆಂಡತಿ ಮೋಕ್ಷಾ ಕೋಳಿಸಾರಿಗೆ ತೆಂಗಿನಕಾಯಿ ತುರಿಯುತ್ತಿದ್ದಳು. "ಹೆಸರು ಬದಲಾಯಿಸುದಾದ್ರೆ ಪಾಸ್‌ಪೋರ್ಟ್ ರಿನ್ಯೂ ಮಾಡುವಾಗಲೇ ಮಾಡಿ" ಎಂದಳು.

ಜಗಳಕ್ಕೆ ಕಾರಣ ಊಟದ ಮೇಜಿನ ಮೇಲೆ ಮಹಾರಾಜನಂತೆ ಮಲಗಿತ್ತು: ಒಂದು ರಿವಾಲ್ವರ್! ಲಂಡನ್ನಿಗೆ ಮರಳುತ್ತಿದ್ದ ಇಂಜಿನಿಯರನೊಬ್ಬ ಮನೆಸಾಮಾನು ಮಾರುತ್ತಿದ್ದಾನೆಂದು ತಿಳಿದು, ಇಸ್ತ್ರಿಪೆಟ್ಟಿಗೆ ತರಲು ಹೋಗಿದ್ದ ಯಜ್ಞೇಶ ತಂದದ್ದು ಇದನ್ನು. ಗುಂಡು ಹಾರುವಂಥದ್ದಲ್ಲ, ನಳಿಗೆಯ ಬಾಯಿಗೆ ಸೀಸ ಹೊಯ್ದ, ಗೋಡೆಗೆ ತೂಗುಹಾಕುವ ನಕಲು. ಆದರೆ ಎಂಥ ನಕಲು! ಬ್ರಿಟಿಷ್ ಫೌಜಿನ ಹಳೆಯ ವೆಬ್ಲಿಯ ತದ್ರೂಪು.

ಮೇಲಿನ ಮಹಡಿಯ ಜಲೀಲ್, ಯಜ್ಞೇಶನ ಆಫೀಸಿನ ಸ್ಟೋರ್‌ಕೀಪರ್, ಅದನ್ನು ಕಂಡ ಕ್ಷಣವೇ ಮೂಗು ಮುರಿದಿದ್ದ. ಕೌಬಾಯ್ ಸಿನಿಮಾಗಳ ವಿಡಿಯೋ ಕ್ಯಾಸೆಟ್ಟುಗಳನ್ನು ನೋಡಿ ನೋಡಿ ಅವನು ಅಮೆರಿಕದ ಕೋಲ್ಟ್ ಕಂಪನಿಯ ಕಟ್ಟಾ ಭಕ್ತ. ಇಬ್ಬರೂ ಜನ್ಮದಲ್ಲಿ ದೀಪಾವಳಿಯ ಪಟಾಕಿ ಪಿಸ್ತೂಲಿಗಿಂತ ದೊಡ್ಡದನ್ನು ಹಾರಿಸಿದವರಲ್ಲ. ಅದರಿಂದ ವಾದಕ್ಕೇನೂ ಅಡ್ಡಿಯಾಗಲಿಲ್ಲ.

ಜುಮಾ ನಮಾಜು ಮುಗಿಸಿ ಊಟಕ್ಕೆ ಬಂದ ಜಲೀಲ್ ಕುಳಿತುಕೊಳ್ಳುವ ಮೊದಲೇ ಶುರು ಮಾಡಿದ. "ಎಂತ ಮಾರಾಯ, ಇದಿನ್ನೂ ಇಲ್ಲಿಯೇ ಉಂಟಾ? ವೆಬ್ಲಿಯಂತೆ! ಇಡ್ಲಿಯ ತಮ್ಮನ ಹಾಗೆ ಉಂಟು ಹೆಸರು."

"ನೋಡು, ನಡು ಹೀಗೆ ಬಗ್ಗುತ್ತದೆ!" ಯಜ್ಞೇಶ ನಳಿಗೆಯನ್ನು ಮಡಚಿ ತೋರಿಸಿದ. "ಆರೂ ಗುಂಡು ಒಟ್ಟಿಗೆ ತುಂಬಬಹುದು. ನಿನ್ನ ಕೋಲ್ಟಿಗೆ ಒಂದೊಂದೇ ತುಂಬುವಷ್ಟರಲ್ಲಿ ಶತ್ರು ಚಾ ಕುಡಿದು ಬರ್ತಾನೆ!"

"ನಡು ಬಗ್ಗುದು ಬೆನ್ನುನೋವಿನವರಿಗೆ ಒಳ್ಳೆದು. ಕೋಲ್ಟ್ ಅಂದ್ರೆ ಕೋಲ್ಟ್!"

"ಕೋಲ್ಟೋ ಕೋಲೋ, ಸಾರು ತಣಿಯುತ್ತದೆ" ಎಂದಳು ಮೋಕ್ಷಾ.

ಜಲೀಲ್ ಕೊನೆಯ ಅಸ್ತ್ರ ಬಿಟ್ಟ. "ಕೋಲ್ಟನ್ನು ಬೆರಳಲ್ಲಿ ಗಿರ್ರನೆ ತಿರುಗಿಸ್ಲಿಕ್ಕೆ ಆಗ್ತದೆ. ಇದನ್ನು ತಿರುಗಿಸು ನೋಡುವ!"

ಮಾನದ ಪ್ರಶ್ನೆ! ಯಜ್ಞೇಶ ತೋರುಬೆರಳನ್ನು ಟ್ರಿಗರಿನ ಸುತ್ತಲಿನ ಬಳೆಯೊಳಗೆ ತುರುಕಿದ. ಹತ್ತು ವರ್ಷ ಗಲ್ಫಿನ ಊಟದಲ್ಲಿ ಕೊಬ್ಬಿದ ಬೆರಳು. ಗಂಟು ದಾಟಲು ಸ್ವಲ್ಪ ಗೊಣಗಿತು. ಬೀಸಿ ತಿರುಗಿಸಿದ. ವೆಬ್ಲಿ ಅರ್ಧ ಸುತ್ತು ತಿರುಗಿ ನಿಂತಿತು. ನಿಂತದ್ದು ನಿಂತೇ ಹೋಯಿತು!

ಎಳೆದ, ತಿರುಚಿದ, ಅಯ್ಯೋ ಎಂದ. ಸೋಪು ಹಚ್ಚಿ ನಲ್ಲಿಯ ಕೆಳಗೆ ಹಿಡಿದ. ಜುಲೈ ತಿಂಗಳ ದೋಹಾದಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬರುವುದು ಟೆರೇಸಿನ ಟ್ಯಾಂಕಿಯ ಕುದಿನೀರೇ. ಬೆರಳು ಬಾತು ಬಾಳೆಹಣ್ಣಾಯಿತು. ತುಪ್ಪ ಸುರಿದಾಗ ವೆಬ್ಲಿ ಹೊಳೆಯಿತು, ಅಷ್ಟೇ.

"ಆಸ್ಪತ್ರೆಗೆ ಹೋಗುವ" ಎಂದಳು ಮೋಕ್ಷಾ.

"ಕೈಯಲ್ಲಿ ರಿವಾಲ್ವರ್ ಹಿಡ್ಕೊಂಡಾ? ವೀಸಾ ಖಲಾಸ್! ನಾಳೆ ಬೆಳಿಗ್ಗೆ ಮುಂಬೈ ವಿಮಾನದಲ್ಲಿ ಕೂರಿಸ್ತಾರೆ!" ಯಜ್ಞೇಶ ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

ಮೋಕ್ಷಾ ಅವನ ಕೈಗೆ ಸ್ನಾನದ ಟವೆಲು ಸುತ್ತಿ, ಬಾವು ಇಳಿಯಲೆಂದು ಕೈ ಮೇಲಕ್ಕೆತ್ತಿ ಹಿಡಿಯಲು ಅಪ್ಪಣೆ ಮಾಡಿದಳು. ಆಸ್ಪತ್ರೆಗೆಂದು ಜಲೀಲ್ ಕಾರು ತೆಗೆದ. ಪಾಪ ಅನಿಸಿ ಏ.ಸಿ.ಯ ಗಾಳಿಯನ್ನೆಲ್ಲ ಗೆಳೆಯನ ಕೈಗೇ ತಿರುಗಿಸಿದ. ಹಿಂದಿನ ಸೀಟಿನಲ್ಲಿ ಮೋಕ್ಷಾ, ಮುಂದಿನ ಸೀಟಿನಲ್ಲಿ ಟವೆಲಿನ ಮೂಟೆ ಎತ್ತಿ ಆಶೀರ್ವದಿಸುತ್ತ ಕುಳಿತ ಯಜ್ಞೇಶ!

ಈ ದೃಶ್ಯ ಸಿಗ್ನಲಿನಲ್ಲಿದ್ದ ಪೊಲೀಸನಿಗೆ ಸಹಜವೆನಿಸಲಿಲ್ಲ. ಕಾರು ಬದಿಗೆ ಹಾಕಿಸಿ, ಬಂದು ಬಾಗಿಲು ತೆರೆದ. "ಶೂ ಹಾದಾ?" ಇದೇನು ಎಂದು ಅರಬ್ಬಿಯಲ್ಲಿ ಕೇಳಿದ.

ಭಯಕ್ಕೋ, ಏ.ಸಿ.ಯ ಚಳಿಗೋ, ಅದೇ ಕ್ಷಣ ಬೆರಳು ಕುಗ್ಗಿತು. ತುಪ್ಪ ತನ್ನ ಕೆಲಸ ಮಾಡಿತು. ಟವೆಲಿನೊಳಗಿಂದ ವೆಬ್ಲಿ ಸರ್ರನೆ ಜಾರಿ ಪೊಲೀಸನ ಬೂಟಿನ ಮೇಲೆ ಠಣ್ಣನೆ ಬಿತ್ತು!

ಪೊಲೀಸನ ಕೈ ಸೊಂಟಕ್ಕೆ ಹೋಯಿತು. ಅವನು ಮೆಲ್ಲಗೆ ಬಗ್ಗಿ ಎತ್ತಿಕೊಂಡು, ತಿರುಗಿಸಿ ನೋಡಿ ಕೇಳಿದ: "ಕೋಲ್ಟ್?"

"ಎಸ್ ಸರ್! ಕೋಲ್ಟ್ ಸರ್!" ಯಜ್ಞೇಶ ಒಂದೇ ಉಸಿರಿಗೆ ಶರಣಾದ. ಪೊಲೀಸ್ ಅದನ್ನು ಫಿರಂಗಿ ಎಂದಿದ್ದರೂ ಎಸ್ ಸರ್ ಎನ್ನುತ್ತಿದ್ದ.

ಜಲೀಲನಿಗೆ ಅದು ತಡೆಯಲಾಗಲಿಲ್ಲ. "ನೋ ಸರ್! ಹಾದಾ ಕೋಲ್ಟ್ ಮಾಫಿ, ನಾಟ್ ಕೋಲ್ಟ್! ಕೋಲ್ಟ್ ವೆರಿ ಗುಡ್! ದಿಸ್ ವೆಬ್ಲಿ! ಇಂಗ್ಲಿಷ್ ಮಿಲಿಟರಿ!"

'ಮಿಲಿಟರಿ' ಎಂಬ ಶಬ್ದ ಕೇಳಿ ಪೊಲೀಸ್ ವೈರ್‌ಲೆಸ್ಸಿಗೆ ಕೈಹಾಕಿದ.

"ಟಾಯ್ ಸರ್!" ಹಿಂದಿನಿಂದ ಮೋಕ್ಷಾ ಕೂಗಿದಳು. "ಬೇಬಿ ಟಾಯ್!"

ಪೊಲೀಸ್ ನಳಿಗೆಯ ಬಾಯಿ ನೋಡಿದ, ಸೀಸ ಕಂಡಿತು. ಉಗುರಿನಿಂದ ಕೆರೆದ. ಮೀಸೆ ಸಡಿಲವಾಯಿತು. ಆದರೂ ಕಾರಿನೊಳಗೆ ಇಣುಕಿ ಕೇಳಿದ, "ವೇರ್ ಬೇಬಿ?"

ಮೋಕ್ಷಾ ಗಂಡನತ್ತ ಬೆರಳು ತೋರಿಸಿದಳು.

ಪೊಲೀಸ್ ಯಜ್ಞೇಶನನ್ನು ನೋಡಿದ: ಬೋಳುತಲೆ, ಮೊಣಕೈಯವರೆಗೆ ಇಳಿದ ತುಪ್ಪ, ಇನ್ನೂ ಮೇಲೆತ್ತಿಕೊಂಡೇ ಇದ್ದ ಕೈ. ಎಷ್ಟು ನಕ್ಕನೆಂದರೆ ಟೋಪಿ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. ಯಜ್ಞೇಶ ಆಸೆಯಿಂದ ಕೈ ಚಾಚಿದ. ಪೊಲೀಸ್ ಆ ಕೈಯನ್ನು ದಾಟಿ ರಿವಾಲ್ವರನ್ನು ಮೋಕ್ಷಾಳ ಮಡಿಲಿಗೆ ಹಾಕಿ, ಗಂಭೀರವಾಗಿ ಹೇಳಿದ:

"ಮಮ್ಮಿ, ಬೇಬಿ ಸ್ಮಾಲ್. ಬೇಬಿ ಬಿಗ್, ದೆನ್ ಗಿವ್!"