ಟ್ರ್ಯಾಕ್ಟರ್ ತರುಬುವ ಚಿಗವ್ವ

ನಮ್ಮ ಚಿಗವ್ವ ದಾರಿದರೋಡೆ ಮಾಡುತ್ತಾಳೆಂದರೆ ನೀವು ನಂಬಲಿಕ್ಕಿಲ್ಲ. ಸಂಜೆ ಚಿಮ್ಮಡದ ಕ್ರಾಸಿಗೆ ಬಂದು ನೋಡಿ! ಕಬ್ಬಿನ ಹಂಗಾಮು ಶುರುವಾದರೆ ಸಾಕು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳಿಗೆ ಅಡ್ಡ ನಿಲ್ಲುತ್ತಾಳೆ. ಹೊಸ ಡ್ರೈವರುಗಳು, ಮುದುಕಿಗೆ ಕಬ್ಬಿನ ಆಸೆ ಎಂದುಕೊಂಡು ಎರಡು ಗಳ ಎಳೆದು ಕೊಟ್ಟು ಪಾರಾಗಲು ನೋಡುತ್ತಾರೆ. ಸಕ್ಕರೆ ಕಾಯಿಲೆಯವಳಿಗೆ ಕಬ್ಬು! ಅದನ್ನು ಅವರ ಕೈಗೇ ವಾಪಸು ಕೊಟ್ಟು, ತಿನ್ನುತ್ತ ಕೂತಿರಲು ಹೇಳುತ್ತಾಳೆ. ಅವರು ತಿಂದು ಮುಗಿಸುವಷ್ಟರಲ್ಲಿ, ಬೆಳಕು ಬಿದ್ದರೆ ಮಿನುಗುವ ಕೆಂಪು ಪಟ್ಟಿಯೊಂದನ್ನು ಟ್ರೇಲರಿನ ಬೆನ್ನಿಗೆ ಕಟ್ಟಿ ಆಗಿರುತ್ತದೆ.

ಅವಳ ಗಂಡ, ನಮ್ಮ ಕಾಕಾ, ಒಂದು ರಾತ್ರಿ ಬನಹಟ್ಟಿಯ ಸಂತೆ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ. ಹಾದಿಯಲ್ಲಿ ಕೆಟ್ಟು ನಿಂತಿದ್ದ ಕಬ್ಬಿನ ಟ್ರೇಲರು ಕತ್ತಲಲ್ಲಿ ಅವನಿಗೆ ಕಾಣಲೇ ಇಲ್ಲ. ಹಿಂದೆ ಒಂದು ದೀಪವೂ ಇರಲಿಲ್ಲ. ಅದಕ್ಕೆ ಡಿಕ್ಕಿ ಹೊಡೆದು ಅಲ್ಲೇ ತೀರಿಕೊಂಡ.

ಚಿಗವ್ವ ಮನೆಯಲ್ಲಿ ಒಬ್ಬಳೇ ಕೂರಬಾರದೆಂದು ನಾವೇ ಅವಳನ್ನು ದೊಡ್ಡವರ ಸಂಜೆ ಶಾಲೆಗೆ ಸೇರಿಸಿದೆವು. ಮೊದಲ ದಿನವೇ ಕಲಿಸುವ ಅಕ್ಕೋರಿಗೆ ಇವಳೇ ಪಾಠ ಹೇಳಿದಳು.

"ಅಕ್ಷರ ಆಮ್ಯಾಲ ಕಲಿತೀನ್ರಿ. ಮೊದಲ ಈ ಟ್ರೇಲರ್ ಕತ್ತಲದಾಗ ಕಾಣೂ ಹಂಗ ಮಾಡೂದು ಕಲಸ್ರಿ."

ಅಕ್ಕೋರಿಗೇ ಅದು ಬರುತ್ತಿರಲಿಲ್ಲ, ಪಾಪ! ಇಡೀ ವರ್ಗ ಸೇರಿ ಕಲಿಯಿತು. ಅಕ್ಕೋರು ರಬಕವಿಯ ಅಂಗಡಿಗಳನ್ನೆಲ್ಲ ಅಲೆದು ಹೊಳೆಯುವ ಹಾಳೆ ತಂದರು. ಕೆಸರು ಮೆತ್ತಿದ ಟ್ರೇಲರಿಗೆ ಅದು ಅಂಟಲಿಲ್ಲ. ಕೊನೆಗೆ ನೇಕಾರರ ಮನೆಯ ಹೆಂಗಸರು ಹಾಳೆಯನ್ನು ಬಟ್ಟೆಗೆ ಹೊಲಿದು, ಮಗ್ಗದ ಹಗ್ಗದಿಂದ ಬಿಗಿದರು. ಅಕ್ಕೋರು ಹಾಕಿದ ಗಂಟು ಮಾತ್ರ ಊರು ದಾಟುವ ಮೊದಲೇ ಬಿಚ್ಚುತ್ತದೆ. ಆ ವಿಷಯದಲ್ಲಿ ಚಿಗವ್ವ ಅವರನ್ನು ಇಂದಿಗೂ ಪಾಸು ಮಾಡಿಲ್ಲ.

ಈ ಸಲ ಒಂದು ಸಂಜೆ, ಅವಳು ಕೈ ಎತ್ತುವ ಮೊದಲೇ ಟ್ರ್ಯಾಕ್ಟರೊಂದು ತಾನಾಗಿ ನಿಂತಿತು. ಇಳಿದವನು, ಅಂದು ಆ ಟ್ರೇಲರನ್ನು ಹಾದಿಯಲ್ಲಿ ಬಿಟ್ಟು ಹೋಗಿದ್ದ ಡ್ರೈವರು. ಅಂದಿನಿಂದ ಈ ಕ್ರಾಸು ತಪ್ಪಿಸಿಯೇ ಓಡಾಡುತ್ತಿದ್ದ. ಅವನು ತಲೆ ಎತ್ತಲಿಲ್ಲ. ಜೊತೆಗಿದ್ದ ಅಕ್ಕೋರು ತಾವು ಕಟ್ಟುವುದಾಗಿ ಮುಂದೆ ಬಂದರೆ ಚಿಗವ್ವ ಪಟ್ಟಿ ಕೊಡಲಿಲ್ಲ. ಇವಳು ಈಗ ಏನು ಅನ್ನುತ್ತಾಳೋ ಎಂದು ನನಗೆ ಭಯ! ಅವಳು ಸೆರಗಿನಿಂದ ಟ್ರೇಲರಿನ ಕೆಸರು ಒರೆಸಿ, ಪಟ್ಟಿ ಕಟ್ಟಿ, ಮತ್ತೆ ಮತ್ತೆ ಜಗ್ಗಿ ನೋಡಿದಳು.

"ಸಾವಕಾಶ ಹೋಗಪಾ. ಮನ್ಯಾಗ ಹಾದಿ ನೋಡತಿರತಾರ."

ಟ್ರ್ಯಾಕ್ಟರು ಹೊರಟಿತು. ಹಿಂದಿನಿಂದ ಬಂದ ಬಸ್ಸಿನ ಬೆಳಕಿಗೆ ಪಟ್ಟಿ ಕೆಂಪಗೆ ಹೊಳೆಯಿತು. ಚಿಗವ್ವನ ಕಣ್ಣು ತುಂಬಿ, ಅವಳಿಗೆ ಏನೂ ಕಾಣುತ್ತಿರಲಿಲ್ಲ. ಅಕ್ಕೋರ ಕೈ ಹಿಡಿದುಕೊಂಡು ಕೇಳಿದಳು.

"ಕಾಣಾಕತ್ತೈತೇನ್ರಿ?"

"ಕಾಣಾಕತ್ತೈತಿ, ಯವ್ವಾ."