ಶಾಂತ ಕಡಲಿನ ಬಾವುಟ

ತೊಂದರೆ ಶುರುವಾದದ್ದು ನಾಲ್ಕು ಸಾಲಿನ ಒಂದು ಕಾಗದದಿಂದ. ಗಾಳಿಯ ಅಧ್ಯಯನ ಮಾಡುವ ತಂಡವೊಂದು ಬುಧವಾರ ಮಧ್ಯಾಹ್ನ ದೋಣಿಯಲ್ಲಿ ಬಂದು ನಮ್ಮ ಬಂದರನ್ನು ನೋಡುತ್ತದಂತೆ. ಜಾಗ ಒಪ್ಪಿಗೆಯಾದರೆ ಅಲ್ಲೊಂದು ಯಂತ್ರ ನಿಲ್ಲಿಸುತ್ತಾರೆ; ಅದನ್ನು ನೋಡಿಕೊಳ್ಳುವ ಕೆಲಸ, ಸಂಬಳ ಸಮೇತ, ಕಾಸಿಯಾನೊಗೆ.

ಕಾಸಿಯಾನೊ ಮಂಡಿ ಕೆಟ್ಟು ದೋಣಿಯ ಕೆಲಸ ಬಿಟ್ಟ ಮೀನುಗಾರ. ಬಂದರಿನ ಬಾವುಟ ಏರಿಸಿ ಇಳಿಸುವುದು ಅವನ ಸಂಬಳವಿಲ್ಲದ ಉದ್ಯೋಗ. ಈ ಕೆಲಸ ಸಿಗದಿದ್ದರೆ ಸೋಮವಾರದಿಂದ ಬೆಟ್ಟದಾಚೆ ಭಾವಮೈದುನನ ಬೇಕರಿಯಲ್ಲಿ ಹಿಟ್ಟು ನಾದಬೇಕಿತ್ತು. ಆ ಭಾವಮೈದುನನೋ, ಹಿಟ್ಟಿಗಿಂತ ಮನುಷ್ಯರನ್ನೇ ಹೆಚ್ಚು ನಾದುವವನು.

"ಗಾಳಿ ನೋಡೋಕೆ ಇಲ್ಲಿಗ್ಯಾಕೆ ಬರ್ತಾರೆ?" ಎಂದಳು ಹೆಂಡತಿ ಹಸಿಂತಾ.

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಎಲ್ ಯೆರ್ರೊ ದ್ವೀಪದ ಬೆಟ್ಟ ಈಶಾನ್ಯದ ಗಾಳಿಗೆ ಎದೆಯೊಡ್ಡಿ ನಿಂತಿದೆ. ಗಾಳಿ ಎರಡೂ ಪಕ್ಕದಿಂದ ಬಳಸಿಕೊಂಡು, ದೂರದ ಕಡಲಲ್ಲಿ ಸುಳಿಸುಳಿಯಾಗಿ ಹೋಗುತ್ತದೆ. ಅಲ್ಲಿ ನೊರೆಯ ಗೆರೆ ಕಾಣುತ್ತದೆ. ಗೆರೆಯ ಒಳಗೆ, ಬೆಟ್ಟದ ಬೆನ್ನಿಗೆ, ನಮ್ಮ ಶಾಂತ ಕಡಲು ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗೆ. ನಮ್ಮ ಬಾವುಟ ಒಣಹಾಕಿದ ಆಕ್ಟೋಪಸ್‌ನಂತೆ ಜೋತುಬಿದ್ದಿರುತ್ತದೆ. ಸದಾ ಗಾಳಿ ಹೊಡೆಯುವ ಬೆಟ್ಟದಾಚೆಯವರು ಅದನ್ನೇ ಹೇಳಿಕೊಂಡು ನಗುತ್ತಾರೆ.

"ಬಾವುಟ ಹಾರ್ಬೇಕು ಕಣೋ," ಎಂದ ಬಾರಿನ ಬೆನಿಗ್ನೊ. "ಹಾರದ ಬಾವುಟ ಕಂಡ್ರೆ ಗಾಳಿಯವರು ದೋಣಿಯಿಂದ ಇಳಿಯೋದೂ ಇಲ್ಲ."

ಬುಧವಾರ ಬೆಳಿಗ್ಗೆ ಗೋಫಿಯೊ ಎಂಬ ಹುರಿಹಿಟ್ಟಿನ ಗಂಜಿಯಲ್ಲಿ ಬಾವುಟವನ್ನು ಅದ್ದಿ ಒಣಗಿಸಿದರು. ಅದು ಹಪ್ಪಳದಂತೆ ಗರಿಯಾಯಿತು. ಪಕ್ಕದ ಮನೆಯ ಕಂದೆಲಾರಿಯಾ ಅಜ್ಜಿಯ ಮೇಕೆಗೂ ಹಾಗೇ ಅನಿಸಿತೋ ಏನೋ, ಕೂಗುವಷ್ಟರಲ್ಲಿ ಒಂದು ಮೂಲೆ ಅದರ ಹೊಟ್ಟೆ ಸೇರಿತ್ತು.

"ಉಪ್ಪು ಹಾಕಿದ್ಯೇನೋ?" ಎಂದಳು ಅಜ್ಜಿ. "ಉಪ್ಪಿಲ್ಲದ್ದನ್ನ ಅದು ಮೂಸಿಯೂ ನೋಡಲ್ಲ."

ಹಸಿಂತಾ ಬೈದುಕೊಳ್ಳುತ್ತಲೇ ತನ್ನ ಕೆಂಪು ಲಂಗ ಕತ್ತರಿಸಿ ತೇಪೆ ಹಾಕಿದಳು. ಗಂಜಿಯ ಸಹವಾಸ ಬಿಟ್ಟು, ಮೀನಿನ ಬೋನಿನ ತಂತಿಯನ್ನೇ ಅಂಚಿಗೆ ಹೊಲಿದಳು. ಆಗ ಬಂತು ಯಾವ ಕಡೆ ಹಾರಬೇಕೆಂಬ ಜಗಳ.

"ಕಡಲ ಕಡೆ," ಎಂದ ಬೆನಿಗ್ನೊ. "ಬೆಟ್ಟದಿಂದ ಬೀಸೋ ಗಾಳಿ ಮತ್ತೆಲ್ಲಿಗೆ ಹೋಗುತ್ತೆ?"

"ಬೆಟ್ಟದ ಕಡೆ," ಎಂದಳು ಅಜ್ಜಿ. "ನಮಗೆ ಸಿಗೋದು ಕಡಲಲ್ಲಿ ಸುತ್ತು ಹಾಕಿ ವಾಪಸ್ ಬರೋ ಚೂರುಪಾರು ಗಾಳಿ ಮಾತ್ರ. ನನ್ನ ಒಲೆ ಹೊಗೆನ ಕೇಳು, ಹೇಳುತ್ತೆ."

ಕೆಟ್ಟ ಮಂಡಿಯಲ್ಲೇ ಏಣಿ ಹತ್ತಿದ್ದ ಕಾಸಿಯಾನೊ ಇಬ್ಬರ ಮಾತನ್ನೂ ನಡೆಸುತ್ತ ಮೂರು ಸಲ ಬಾವುಟ ತಿರುಗಿಸಿದ. ಅದು ಕಡಲ ಕಡೆಗಿದ್ದಾಗ ಮಂಡಿ ಸಾಕು ಎಂದಿತು.

ಮಧ್ಯಾಹ್ನ ಬಿಳಿ ದೋಣಿಯೊಂದು ಭೂಶಿರ ಬಳಸಿ ಬಂತು.

"ಟೋಪಿ ಹಿಡ್ಕೊಳ್ರೋ!" ಎಂದು ಬೆನಿಗ್ನೊ ಕೂಗಿದ.

ಊರಿಗೆ ಊರೇ ಟೋಪಿ, ಲಂಗಗಳನ್ನು ಹಿಡಿದುಕೊಂಡು ಮುಂದಕ್ಕೆ ಬಾಗಿ ನಿಂತಿತು. ಒಂದೆಲೆಯೂ ಅಲುಗದ ಆ ಸೆಕೆಯಲ್ಲಿ ಎಲ್ಲರ ಮೂಗಿನ ತುದಿಯಿಂದ ಬೆವರು ನೆಟ್ಟಗೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ದೋಣಿ ದೂರದಲ್ಲೇ ನಿಂತಿತು. ಯಾರೋ ದುರ್ಬೀನು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ದೋಣಿ ಮೆಲ್ಲಗೆ ತಿರುಗಿ ಪಕ್ಕದ ಕೊಲ್ಲಿಯತ್ತ ಹೋಯಿತು.

ಸ್ವಲ್ಪ ಹೊತ್ತಿಗೆ ಬಾರಿನ ಫೋನು ಬಡಿದುಕೊಂಡಿತು. ಹೆಣ್ಣು ದನಿ, ಬಹಳ ಮೃದು.

"ಕ್ಷಮಿಸಿ ಕಾಸಿಯಾನೊ ಅವರೇ. ದೂರದ ಕಡಲಿನ ಸುಳಿಗಾಳಿ ಅಳೆಯೋಕೆ, ಬೆಟ್ಟ ಗಾಳಿನ ಪೂರ್ತಿ ತಡೆದಿರೋ ಜಾಗ ನಮಗೆ ಬೇಕಿತ್ತು. ನಕ್ಷೆ ನೋಡಿ ನಿಮ್ಮೂರೇ ಸರಿ ಅಂದ್ಕೊಂಡಿದ್ವಿ. ಆದ್ರೆ ಪಾಪ, ಅಲ್ಲಿ ಜನ ನಿಲ್ಲೋಕೇ ಆಗ್ತಿಲ್ವಲ್ಲ!"

"ಇಲ್ಲ ಮೇಡಂ! ಇಲ್ಲಿ ಗಾಳಿ ಅನ್ನೋದೇ ಇಲ್ಲ, ದೇವರಾಣೆ!"

"ಕೆಲಸ ಬೇಕಾದಾಗ ಎಲ್ರೂ ಹೀಗೇ ಹೇಳ್ತಾರೆ ಬಿಡಿ. ಪಕ್ಕದ ಕೊಲ್ಲಿಯವರ ಬಾವುಟ ಎಷ್ಟು ಚೆನ್ನಾಗಿ ಜೋತುಬಿದ್ದಿದೆ, ನೋಡ್ಬೇಕು ನೀವು."

ಕಾಸಿಯಾನೊ ಹೊರಗೆ ಬಂದ. ತಂತಿಯ ಬಲದಲ್ಲಿ ಹಾರುತ್ತಿದ್ದ ಬಾವುಟದ ಮೇಲಂಚಿನಲ್ಲಿ ಕಡಲಹಕ್ಕಿಯೊಂದು ಕೂತು ನೆಮ್ಮದಿಯಾಗಿ ರೆಕ್ಕೆ ಕೆದರಿಕೊಳ್ಳುತ್ತಿತ್ತು.

ಹಸಿಂತಾ ಅವನ ತಲೆಯ ಮೇಲಿನ ಟೋಪಿ ತೆಗೆದುಕೊಂಡಳು.

"ಸೋಮವಾರ ಇದನ್ನ ಇಲ್ಲೇ ಬಿಟ್ಟು ಹೋಗು," ಎಂದಳು. "ಬೇಕರಿ ಹತ್ರ ನಿಜವಾಗ್ಲೂ ಹಾರುತ್ತೆ."