ಕಾಲುವೆಯ ಲೋಳೆಯನ್ನು ಉಜ್ಜಿ ತೊಳೆದದ್ದು

ಇಲ್ಲ, ‘ತೊಳೀಬ್ಯಾಡ್ರಿ’ ಎಂದು ಸುವರ್ಣಾ ಹೇಳಿರಲಿಲ್ಲ. ಅಥವಾ ಹೇಳಿದ್ದಳೋ ಏನೋ. ಊರಿಗೆ ಹೊರಟವಳು ಮೆಟ್ಟಿಲಿಳಿಯುತ್ತ ಆಡಿದ ಮಾತುಗಳನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ, ಅವುಗಳಲ್ಲಿ ಅವಳವು ಎಷ್ಟು, ನನ್ನವು ಎಷ್ಟು ಎಂದು ಈಗ ಬಿಡಿಸಲಾಗದು. ಒಂದು ದಿನದ ನೆನಪಿನಲ್ಲಿ ಅವಳು ಬೆರಳೆತ್ತಿ ಸ್ಪಷ್ಟವಾಗಿ ಎಚ್ಚರಿಸುತ್ತಾಳೆ. ಇನ್ನೊಂದು ದಿನ ಅವಳು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಬಳಿ ಆಟೋದವನು ಹಾರ್ನ್ ಒತ್ತುತ್ತಾನೆ. ನನಗೆ ಬೇಕಾದಾಗಲೆಲ್ಲ ಆ ಆಟೋ ಸರಿಯಾದ ಹೊತ್ತಿಗೆ ಬರುವುದನ್ನು ಕಂಡು, ಅದು ನಿಜವಾಗಿ ಬಂದಿತ್ತೇ ಎಂಬ ಅನುಮಾನವೂ ಈಚೆಗೆ ಹುಟ್ಟಿದೆ.

ಸುವರ್ಣಾ ಗದಗಿನ ಕಡೆಯವಳು. ಯಲಹಂಕದಲ್ಲಿ ನಮ್ಮ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದಾಳೆ. ಹರಿಯುವ ನೀರಿನ ಮೇಲೆ ಏನೋ ಸಂಶೋಧನೆ ಮಾಡುತ್ತಾಳೆ. ನಮ್ಮ ಕೆರೆಯ ಕೋಡಿಯಿಂದ ಹೊರಟು ಮುಂದಿನ ಕೆರೆಗೆ ಹೋಗುವ ಕಾಲುವೆಯನ್ನು ನಾವೆಲ್ಲ ಚರಂಡಿ ಎನ್ನುತ್ತೇವೆ, ಅವಳೊಬ್ಬಳು ಮಾತ್ರ ಹಳ್ಳ ಎನ್ನುತ್ತಾಳೆ. ಆ ಹಳ್ಳದ ತಳದಲ್ಲಿ ಬಚ್ಚಲಿಗೆ ಹಾಕುವಂಥ ಹತ್ತು ಸಣ್ಣ ಟೈಲ್ಸ್ ತುಂಡುಗಳನ್ನು ಸಾಲಾಗಿ ಇಟ್ಟಿದ್ದಳು. ಆರು ವಾರ ಅವು ಅಲ್ಲೇ ಇರಬೇಕಿತ್ತು. ಆರನೇ ವಾರ ಮುಗಿಯುವ ಭಾನುವಾರವೇ ಊರಿನಲ್ಲಿ ತಂಗಿಯ ನಿಶ್ಚಿತಾರ್ಥ ಬಂತು. ದಿನಾ ಬೆಳಿಗ್ಗೆ ಆ ದಾರಿಯಲ್ಲೇ ವಾಕಿಂಗ್ ಹೋಗುವ ನಾನು, ಪರೋಪಕಾರಿ, ಮನೆಯ ಮಾಲೀಕ, ಕೆಳಗೇ ಇದ್ದೆ. “ಕಾಕಾ, ರವಿವಾರ ಮುಂಜಾನೆ ಅವನ್ನಷ್ಟು ತಗದು, ಡಬ್ಬ್ಯಾಗ ಹಳ್ಳದ ನೀರು ಹಾಕಿ, ಫ್ರಿಜ್ಜಿನ್ಯಾಗ ಇಟ್ಟುಬಿಡ್ರಿ. ಸೋಮವಾರ ನಾ ಬರ್ತೀನಿ” ಎಂದಳು. ಇಷ್ಟು ಖಂಡಿತ. ಇದಾದ ಮೇಲೆ ಆಟೋ.

ಭಾನುವಾರ ಪಂಚೆ ಎತ್ತಿ ಕಟ್ಟಿ ನೀರಿಗಿಳಿದೆ. ಮೊಣಕಾಲುದ್ದದ ನೀರು. ಒಂಬತ್ತು ಟೈಲ್ಸ್ ಎತ್ತಿ ಡಬ್ಬಿಗೆ ಹಾಕಿದೆ. ಒಂದೊಂದರ ಮೇಲೂ ಕಂದುಹಸಿರು ಲೋಳೆ, ಹಳೆಯ ತೊಟ್ಟಿಯ ಗೋಡೆಯ ಮೇಲಿರುವಂಥದು. ಹತ್ತನೆಯದು ಕೈಯಲ್ಲಿದ್ದಾಗ, ಅದೇ ಲೋಳೆ ಹತ್ತಿದ ಕಲ್ಲಿನ ಮೇಲೆ ಕಾಲಿಟ್ಟು, ಎಂಟೂರಿಗೆ ಕೇಳುವಂತೆ ನೀರಿನಲ್ಲಿ ಕುಳಿತೆ. ದಡದಲ್ಲಿ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದ ಹಾಲಿನ ಮುನಿಯಪ್ಪ ಕುಡುಗೋಲು ಕೆಳಗಿಟ್ಟು ನೋಡಿದ. “ಏನ್ ಸಾ, ಸ್ನಾನಾನಾ? ಅಂಗೇ ತಲೆಗೂ ಒಂದ್ ಚೊಂಬು ಉಯ್ಕಳಿ!” ಎಂದ. ಕೈಯಿಂದ ಜಾರಿದ ಹತ್ತನೆಯ ಟೈಲ್ಸ್ ಹುಡುಕಬೇಕಿತ್ತು. ಹುಡುಕಬೇಕಾದರೆ ಅವನ ಮುಂದೆ ಇನ್ನೊಂದಿಷ್ಟು ಹೊತ್ತು ಬಗ್ಗಿ ನಿಲ್ಲಬೇಕಿತ್ತು. ನಾನು ಬೆಳಿಗ್ಗೆ ಬೇಕೆಂದೇ ನೀರಿನಲ್ಲಿ ಕೂರುವ ಮನುಷ್ಯನಂತೆ ಗಂಭೀರವಾಗಿ ಎದ್ದು ಮನೆಗೆ ನಡೆದೆ.

ಮನೆಯಲ್ಲಿ ನನ್ನ ಹೆಂಡತಿ ವಿಶಾಲು ಫ್ರಿಜ್ಜಿಗೆ ಅಡ್ಡ ನಿಂತಳು. “ರೀ, ಹಾಲಿನ ಪಕ್ಕ ಚರಂಡಿ ನೀರಾ? ತಲೆ ನೆಟ್ಟಗಿದ್ಯಾ?” ಸರಿ, ನೀರು ಚೆಲ್ಲಿದೆ. ಆಮೇಲಿನದು ನಮ್ಮ ವಂಶದ ಸಂಸ್ಕಾರ. ಇನ್ನೊಬ್ಬರ ಪಾತ್ರೆಯನ್ನು ಮುಸುರೆ ಸಮೇತ ಹಿಂದಿರುಗಿಸಬಾರದು, ಬರಿದಾಗಿಯೂ ಹಿಂದಿರುಗಿಸಬಾರದು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದರು. ಪಕ್ಕದ ಮನೆಯಿಂದ ಬಂದ ಹುಳಿಯ ಪಾತ್ರೆ ನಮ್ಮ ಮನೆಯಿಂದ ವಾಪಸು ಹೋಗುವಾಗ ಫಳಫಳ ಹೊಳೆಯುತ್ತಿತ್ತು, ಒಳಗೆ ಒಂದು ಚಮಚ ಸಕ್ಕರೆಯಾದರೂ ಇರುತ್ತಿತ್ತು. ಆ ಪ್ರಕಾರ ನಾನು ಸೋಪಿನ ಪುಡಿ ಹಾಕಿ, ತಳ ಹಿಡಿದ ಪಾತ್ರೆಗೆ ಬಳಸುವ ಸ್ಟೀಲ್ ಸ್ಕ್ರಬ್ಬರಿನಿಂದ ಒಂಬತ್ತನ್ನೂ ಉಜ್ಜಿದೆ. ಬಿಸಿನೀರು ಹೊಯ್ದೆ. ಒರೆಸಿ, ಬಿಸಿಲಿಗಿಟ್ಟು, ಡಬ್ಬಿಯಲ್ಲಿ ಜೋಡಿಸಿ, ಮೇಲೆ ಎರಡು ಸೀಬೆಹಣ್ಣು ಇಟ್ಟೆ.

ಸೋಮವಾರ ಸುವರ್ಣಾ ಬ್ಯಾಗನ್ನೂ ಕೆಳಗಿಡದೆ ಡಬ್ಬಿ ತೆರೆದಳು. ಒಂದನ್ನು ಎತ್ತಿದಳು. ಅದರಲ್ಲಿ ಅವಳ ಮುಖ ಕಾಣುತ್ತಿತ್ತು.

“ಇವು ಹೊಸಾವೇನ್ರಿ, ಕಾಕಾ?”

“ಛೆ, ಇಲ್ಲಮ್ಮ, ನಿನ್ನವೇ! ಎಷ್ಟು ಗಲೀಜಾಗಿತ್ತು ಅಂತೀಯ! ಚೆನ್ನಾಗಿ ಉಜ್ಜಿದೀನಿ.”

ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಡಬ್ಬಿಯಿಂದ ಒಂದು ಹಣ್ಣು ಎತ್ತಿ, “ಮತ್ತ ಈ ಪೇರಲ ಹಣ್ಣು ಯಾಕ್ರಿ?” ಎಂದಳು.

ಅವಳಿಗೆ ಬೇಕಾಗಿದ್ದದ್ದು ಟೈಲ್ಸ್ ಅಲ್ಲ, ಲೋಳೆ. ಅದು ಕೊಳೆಯಲ್ಲವಂತೆ, ಒಂದು ವಠಾರವಂತೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಮೊದಲು ಬಂದು, ತಾವೇ ಅಂಟು ಸುರಿಸಿ, ಹರಿವಿಗೆ ಕೊಚ್ಚಿಹೋಗದಂತೆ ಕಲ್ಲಿಗೆ ಕಚ್ಚಿಕೊಳ್ಳುತ್ತವೆ. ಆ ಅಂಟಿನೊಳಗೆ ಪಾಚಿ ಬಂದು ಸೇರಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಬೂಷ್ಟು ಕೊಳೆತ ಎಲೆಯನ್ನು ಅರೆಯುತ್ತದೆ. ನಾವು ಮೇಲಿನಿಂದ ಬಿಟ್ಟ ಕೊಳಕಿನಲ್ಲಿ ಸಾಕಷ್ಟನ್ನು ಈ ವಠಾರದವರೇ ಹಿಡಿದು ತಿಂದು ಮುಗಿಸುತ್ತಾರೆ. ಅವರನ್ನು ಬಸವನಹುಳು, ನೀರುಹುಳುಗಳು ಮೇಯುತ್ತವೆ, ಆ ಹುಳುಗಳನ್ನು ಮೀನು. “ನೀರು ತನ್ನಷ್ಟಕ್ಕ ತಾನ ಸ್ವಚ್ಛ ಆಗಂಗಿಲ್ರಿ, ಕಾಕಾ. ನೀರು ತೊಳಿಯೋರ ಇವರು. ನೀವು ಅವರನ್ನ ತೊಳದ್ರಿ.” ಮುಂದಿನ ವಾರ ಕಾಲುವೆಗೆ ಕಾಂಕ್ರೀಟು ಹಾಕುವ ಕೆಲಸ ಶುರುವಾಗಲಿತ್ತು. ಹಾಕುವ ಮುಂಚೆ ಅಲ್ಲಿ ಏನು ಬದುಕಿತ್ತು ಎಂಬ ಲೆಕ್ಕವೇ ಅವಳ ಪ್ರಬಂಧದ ಅರ್ಧ. ಇನ್ನೊಮ್ಮೆ ಆರು ವಾರ ಕಾಯಲು ಕಾಲುವೆ ಉಳಿಯುತ್ತಿರಲಿಲ್ಲ.

“ಹತ್ತನೇದು ಎಲ್ಲೈತ್ರಿ?” ಎಂದು ಕೇಳಿದಳು. “ನೀರಲ್ಲಿ ಕೊಚ್ಚಿಹೋಗಿತ್ತಮ್ಮ” ಎಂದೆ. ಒಂದು ಕಡೆ ಅವಳ ಆರು ವಾರ, ಇನ್ನೊಂದು ಕಡೆ ನಾನು ಪಂಚೆ ಸಮೇತ ನೀರಿನಲ್ಲಿ ಕುಳಿತ ಚಿತ್ರ. ಎರಡನೆಯದೇ ಭಾರವೆನಿಸಿತು ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಸಂಜೆಯವರೆಗೆ ತಡೆದೆ. ಕೊನೆಗೆ ವಿಶಾಲುವೇ, “ಪಂಚೆ ಹಿಂದೆಲ್ಲಾ ಹಸಿರು ಕಲೆ ಇದೆ, ಎಲ್ ಬಿದ್ರಿ?” ಎಂದಾಗ, ಮಹಡಿ ಹತ್ತಿ ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಮುನಿಯಪ್ಪ ಕಾದವನಂತೆ ನಿಂತಿದ್ದ. “ಇವತ್ತೂ ಸ್ನಾನಾನಾ ಸಾ? ಮಗೀನೂ ಕರ್ಕಂಬಂದಿದೀರ!” ಸುವರ್ಣಾ ಮೊದಲ ಸಲ ನಕ್ಕಳು. ನಾನು ಕುಳಿತ ಜಾಗವನ್ನು ಅವನೇ ಕುಡುಗೋಲಿನ ತುದಿಯಿಂದ ತೋರಿಸಿದ. ಎರಡು ಕಲ್ಲುಗಳ ಸಂದಿಯಲ್ಲಿ ಟೈಲ್ಸ್ ಸಿಕ್ಕಿತು, ಲೋಳೆಯ ಮುಖ ಮೇಲಾಗಿ, ವಠಾರ ಸಮೇತ. ನಾನು ಶ್ರದ್ಧೆಯಿಂದ ಉಜ್ಜಿದ ಒಂಬತ್ತು ಸತ್ತಿದ್ದವು. ನಾಚಿಕೆಗೆ ಬಿಟ್ಟು ಬಂದದ್ದು ಬದುಕಿತ್ತು. “ಒಂದರ ಮ್ಯಾಲ ಏನೂ ಹೇಳಾಕ ಬರಂಗಿಲ್ರಿ. ಆದ್ರೂ ಇರಲಿ” ಎಂದು ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡಳು. ಆ ಒಂದನ್ನು ಅವಳ ಕಾಲೇಜಿನವರು ಒಪ್ಪುತ್ತಾರೋ ಇಲ್ಲವೋ ಇನ್ನೂ ತಿಳಿದಿಲ್ಲ. ಕಾಲುವೆಗೆ ಮಾತ್ರ ಕಾಂಕ್ರೀಟು ಬಿದ್ದಿದೆ.

ಈ ಕಥೆಯನ್ನು ಕೇಳಿದವರಿಗೆಲ್ಲ ನಾನು ಅಮ್ಮನ ಸಂಸ್ಕಾರದ ಭಾಗವನ್ನು ವಿಸ್ತಾರವಾಗಿ ಹೇಳುತ್ತೇನೆ. ಆದರೆ ಉಜ್ಜುವಾಗ ಹಲ್ಲು ಕಚ್ಚಿಕೊಂಡಿದ್ದ ನೆನಪೂ ಒಂದಿದೆ. ಮುನಿಯಪ್ಪನ ಮುಂದೆ ನನ್ನನ್ನು ನೀರಿನಲ್ಲಿ ಕೂರಿಸಿದ್ದು ಇದೇ ಲೋಳೆ ಎಂದು ಸ್ಕ್ರಬ್ಬರನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತಿದ ನೆನಪು. ವಿಶಾಲು ಹೇಳುವ ಪ್ರಕಾರ ನಾನು ಹಾಡು ಗುನುಗುತ್ತಿದ್ದೆ. ಸಂಸ್ಕಾರಕ್ಕೆ ಉಜ್ಜಿದೆನೋ ಸಿಟ್ಟಿಗೆ ಉಜ್ಜಿದೆನೋ, ನನಗೆ ಗೊತ್ತಿಲ್ಲ. ‘ತೊಳೀಬ್ಯಾಡ್ರಿ’ ಎಂದು ಅವಳು ಅಂದಿದ್ದಳೇ ಎಂಬುದೂ ಗೊತ್ತಿಲ್ಲ. ಅದನ್ನಾದರೂ ತಿಳಿಯುವುದು ಸುಲಭ. ಸುವರ್ಣಾ ಮೇಲೆಯೇ ಇದ್ದಾಳೆ, ಹದಿನೆಂಟು ಮೆಟ್ಟಿಲು. ಇನ್ನೂ ಕೇಳಿಲ್ಲ.